ಸೀರೆಯಿಂದ ಹತ್ತಿಗೆ ಹೋದ ಪುಸ್ತಕ

ನಾಜಿರ್ ಸಾಹೇಬರು ಪುಸ್ತಕಗಳನ್ನು ಮುಚ್ಚಿಸಿದ ಮೇಲೂ ನನ್ನ ತರಗತಿಯ ಮಕ್ಕಳು ಓದುವುದನ್ನು ನಿಲ್ಲಿಸಲಿಲ್ಲ. ನನ್ನ ಮಾನ ಹೋದದ್ದು ಅಲ್ಲೇ.

ಪೊಲೀಸ್ ಆಕ್ಷನ್ ಆಗಿ ಹೈದರಾಬಾದ್ ಸಂಸ್ಥಾನಕ್ಕೆ ಹೊಸ ಸರಕಾರ ಬಂದ ಮೇಲಿನ ಮಾತು ಇದು. ಸಣ್ಣ ಮಕ್ಕಳಿಗೆ ಉರ್ದುವಿನ ಬದಲು ಮನೆಮಾತಿನಲ್ಲೇ ಕಲಿಸಬಹುದು ಎಂದು ಅಪ್ಪಣೆಯಾಗಿತ್ತು. ನಾರಾಯಣಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ತೆಲುಗಿನ ಒಂದನೆಯ ತರಗತಿ ತುಂಬಿ ತುಳುಕುತ್ತಿತ್ತು. ಪಕ್ಕದ ಕೋಣೆಯಲ್ಲಿ ನನ್ನ ಕನ್ನಡದ ತರಗತಿ. ಎಲ್ಲರೂ ಒಂದೇ ಜಮಖಾನದ ಮೇಲೆ ಕೂರುವಷ್ಟು ಮಕ್ಕಳು. ಹೆಚ್ಚಿನವರು ನೇಕಾರರ ಮನೆಯವರು. ಶಾಲೆಗಳ ಇನ್‌ಸ್ಪೆಕ್ಟರರನ್ನು ಊರವರು ಹಳೆಯ ರೂಢಿಯಂತೆ ನಾಜಿರ್ ಸಾಹೇಬರು ಎನ್ನುತ್ತಿದ್ದರು. ಅವರು ಉರ್ದುವಿನಲ್ಲೇ ಓದಿ ಮೇಲೆ ಬಂದವರು. ಕನ್ನಡ ಮಾತು ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು, ಅಕ್ಷರ ಮಾತ್ರ ಬರುತ್ತಿರಲಿಲ್ಲ. ಆದರೆ ಮುಚ್ಚಿದ ಪುಸ್ತಕ ಓದುವ ಮಕ್ಕಳನ್ನು ಹಿಡಿಯಲು ಅಕ್ಷರ ಏಕೆ ಬೇಕು?

ತಪ್ಪು ಮಕ್ಕಳದ್ದಲ್ಲ. ನಮಗೆ ಸಂಸ್ಥಾನದ ಗಡಿಯಾಚೆಯಿಂದ ಬಂದ ಪುಸ್ತಕ ಒಂದೇ. ಅದರ ತುಂಬ ಹಡಗು, ಸಮುದ್ರ, ದೀಪಸ್ತಂಭ. ಕಾಣದ ವಸ್ತುವಿನ ಹೆಸರನ್ನು ಓದುವುದಕ್ಕಿಂತ ಬಾಯಿಪಾಠ ಮಾಡುವುದೇ ಸುಲಭವೆಂದು ಮಕ್ಕಳು ಬೇಗ ಕಂಡುಕೊಂಡಿದ್ದರು.

"ಇದು ಓದೂದಲ್ರೀ, ಗಿಳಿಪಾಠ," ಎಂದರು ನಾಜಿರ್ ಸಾಹೇಬರು. "ಮಕ್ಳು ಒಮ್ಮೆನೂ ಕಾಣದ ಪುಸ್ತಕ ಒಂದು ತಯಾರು ಇಡ್ರಿ. ದಸರಾ ಆದ ಮ್ಯಾಲ ಮತ್ತ ಬರ್ತೀನಿ. ನನ್ನ ಮುಂದ ಓದಿದ್ರ ಕ್ಲಾಸ್ ಇರ್ತೈತಿ. ಇಲ್ಲಾಂದ್ರ ಎಲ್ಲಾರನ್ನೂ ತೆಲುಗು ಕ್ಲಾಸಿಗೆ ಕೂಡ್ಸೂದು. ಮತ್ತ ಅವತ್ತು ನೀವು ಮಕ್ಳ ಕಡಿ ನೋಡಂಗಿಲ್ಲ. ನಿಮ್ಮ ತುಟಿ ನೋಡಿ ಅರ್ಧ ಹೇಳ್ತಾವ."

ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡಕ್ಕೋರು ಎನ್ನುತ್ತಿದ್ದರು. ಗದ್ವಾಲದವರು, ಮನೆಮಾತು ತೆಲುಗು, ಮೈಮೇಲೆ ಯಾವಾಗಲೂ ಅವರೂರಿನದೇ ಸೀರೆ. ಕನ್ನಡದ ತರಗತಿ ಮುಚ್ಚಿದರೆ ಅವರಿಗೇನೂ ನಷ್ಟವಿರಲಿಲ್ಲ. ಆದರೂ ಆ ಸಂಜೆ ನನ್ನನ್ನು ಕೂರಿಸಿಕೊಂಡು ಹೇಳಿದರು: "ಚೂಡಮ್ಮಾ, ನೋಡಿಲ್ಲಿ, ನಿನ್ನ ಕೂಸುಗಳು ಆ ಕಡಿ ಹೋದ್ರ ಮತ್ತ ಮೊದಲನೇ ಅಕ್ಷರದಿಂದ ಶುರು ಮಾಡ್ಬೇಕು. ಅಷ್ಟು ದಿನ ಯಾರು ಕಾಯ್ತಾರ? ಹೆಣ್ಮಕ್ಳನ್ನ ಮನಿಗೆ ಕರ್ಕೊಂಡು ಹೋಗ್ತಾರ."

ಅದು ಬರೀ ಊಹೆಯಲ್ಲ. ಬಾಗಿಲ ಹತ್ತಿರ ಕೂರುವ ಒಬ್ಬ ಹುಡುಗಿ ಇದ್ದಳು, ನನ್ನ ತರಗತಿಯಲ್ಲಿ ಎಲ್ಲರಿಗಿಂತ ಮೊಂಡಿ. ಅವಳ ತಂದೆ ಮರುದಿನವೇ ಶಾಲೆಯ ಕಟ್ಟೆಗೆ ಬಂದು, "ಮತ್ತ ಮೊದಲಿಂದ ಅಂದ್ರ ಬ್ಯಾಡ್ರೀ ಅಕ್ಕೋರ. ಮನ್ಯಾಗ ಕಂಡಿಕಿ ಸುತ್ತಾಕ ಕೈ ಬೇಕಾಗ್ಯಾವ," ಎಂದು ಹೇಳಿಹೋದರು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಒಮ್ಮೆ ಅದನ್ನು ಸುತ್ತಲು ಕೂತ ಹುಡುಗಿ ಶಾಲೆಗೆ ಮರಳಿದ್ದನ್ನು ನಾನು ನೋಡಿರಲಿಲ್ಲ.

ಹೊರಗಿನಿಂದ ಬೇರೆ ಪುಸ್ತಕ ತರಿಸಿದರೂ ಅದರಲ್ಲೂ ಹಡಗೇ ಇರುತ್ತದೆ ಎಂದು ನನಗೆ ಸಿಟ್ಟು. ನಾನೇ ಬರೆಯುತ್ತೇನೆ ಎಂದೆ. ಕಥೆಯಲ್ಲ, ಪದ್ಯವಲ್ಲ, ಮಕ್ಕಳು ಕಣ್ಣಿನಿಂದ ನೋಡಿ ಕೈಯಿಂದ ಮುಟ್ಟಿದ ವಸ್ತುವಿನ ಪುಸ್ತಕ. ನಾರಾಯಣಪೇಟೆಯಲ್ಲಿ ಅದು ಸೀರೆಯಲ್ಲದೆ ಇನ್ನೇನು? ದೊಡ್ಡಕ್ಕೋರು ತಮ್ಮ ಸೆರಗು ಮುಂದೆ ಹಿಡಿದು, "ಸೀರಿ ಅಂದ್ರ ಗದ್ವಾಲ ಸೀರಿ ಹಾಕು," ಎಂದರು. ಮಕ್ಕಳು ಕಂಡದ್ದನ್ನೇ ಹಾಕಬೇಕು ಎಂದು ನಾನು. ಆ ಜಗಳ ಪುಸ್ತಕ ಮುಗಿಯುವವರೆಗೂ ನಡೆಯಿತು.

ಕೇಳಿ ಬರೆಯಬಾರದು, ನೋಡಿ ಬರೆಯಬೇಕು ಎಂದು ಹಟ ಹಿಡಿದೆ. ಮೊದಲು ಅಜ್ಜಿಯೊಬ್ಬಳು ರಾಟೆ ತಿರುಗಿಸುವ ಪುಟ ಬರೆದಿದ್ದೆ, ಬಲು ಚೆಂದವಾಗಿತ್ತು. ನೇಕಾರರ ಓಣಿಯಲ್ಲಿ ಮನೆಮನೆ ತಿರುಗಿದರೂ ರಾಟೆಯಿಂದ ನೂಲುವ ಅಜ್ಜಿ ಸಿಗಲಿಲ್ಲ. ನೂಲೆಲ್ಲ ಸೊಲ್ಲಾಪುರದ ಕಡೆಯಿಂದ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಬಂಡಿಯ ಮೇಲೆ ಊರು ಸೇರುತ್ತಿತ್ತು. ಅಜ್ಜಿಯ ಪುಟವನ್ನು ಹೊಡೆದುಹಾಕಿ ನೂಲಿನ ಗಂಟು ಹೊತ್ತ ಬಂಡಿಯನ್ನು ಬರೆದೆ. ಓಣಿಯ ಉದ್ದಕ್ಕೂ ಹಾಸು, ಎಂದರೆ ಸೀರೆಯ ಉದ್ದದ ಎಳೆಗಳನ್ನು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಎಳೆ ಬಿಡಿಸುವುದನ್ನು ಬಿಸಿಲಿನಲ್ಲಿ ನಿಂತು ನೋಡಿದೆ. ಹತ್ತಿಗಾಗಿ ಮಕ್ತಲ್‌ಗೆ ಹೋದೆ. ಅದು ನನ್ನ ತವರು. ತಂದೆ ಅಲ್ಲಿ ದೇವಸ್ಥಾನದ ಅರ್ಚಕರು. ಪೂಜೆ ಮುಗಿಸಿ ಬಂದವರು, ಮಗಳು ಎರೆಹೊಲದ ಬದುವಿನ ಮೇಲೆ ಕೂತು ಹತ್ತಿಗಿಡದ ಚಿತ್ರ ಬರೆಯುವುದನ್ನು ಕಂಡು, "ಇದಕ್ಕೂ ಪಗಾರ ಕೊಡ್ತಾರೇನ?" ಎಂದು ಕೇಳಿದರು. ನನ್ನ ಹತ್ತಿ ಮಾತ್ರ ಗಿಡಕ್ಕೆ ಕುರಿಮರಿ ನೇತುಹಾಕಿದಂತೆ ಕಾಣುತ್ತದೆ ಎಂದು ದೊಡ್ಡಕ್ಕೋರು ನಗಾಡಿದರು.

ಹೀಗೆ ಪುಸ್ತಕ ಸಿದ್ಧವಾಯಿತು: ಹತ್ತಿಯ ಹೊಲ, ನೂಲಿನ ಬಂಡಿ, ಬಣ್ಣದ ಹಂಡೆ, ಹಾಸು, ನಟ್ಟನಡುವೆ ಎರಡು ಪುಟ ಅಗಲಕ್ಕೆ ಒಂದೇ ದೊಡ್ಡ ಮಗ್ಗ, ಆಮೇಲೆ ಲಾಳಿ, ಅಂಚು, ಮಡಿಸಿಟ್ಟ ಸೀರೆ, ಕೊನೆಗೆ ಸೀರೆ ಉಟ್ಟ ಅವ್ವ. ಪುಟಕ್ಕೊಂದು ಚಿತ್ರ, ಎರಡು ಸಾಲು, ಅಡಿಯಲ್ಲಿ "ಆಮೇಲೆ ಏನು?" ಎಂಬ ಪ್ರಶ್ನೆ. ಎಣಿಸಲು ಬಾರದ ಮಕ್ಕಳಿಗೆ ಪುಟಸಂಖ್ಯೆ ಏತಕ್ಕೆ ಎಂದು ಅದನ್ನು ಹಾಕಲಿಲ್ಲ.

ಊರಲ್ಲಿ ಕನ್ನಡದ ಅಚ್ಚುಮೊಳೆ ಇರಲಿಲ್ಲ. ಬಜಾರಿನ ಹಿಂದೆ ಕಲ್ಲಚ್ಚಿನ ಪ್ರೆಸ್ ಒಂದಿತ್ತು. ಅದರ ಯಜಮಾನರು ವಯಸ್ಸಾದ ಕಾತಿಬರು, ಎಂದರೆ ಉರ್ದುವನ್ನು ಮುತ್ತು ಪೋಣಿಸಿದ ಹಾಗೆ ಬರೆಯುವವರು. ಕಚೇರಿಯ ಪ್ರಕಟಣೆಯ ಇಷ್ತಿಹಾರು, ಮದುವೆಯ ಕಾಗದ ಎಲ್ಲ ಅವರ ಕೈಯಿಂದಲೇ ಆಗುತ್ತಿತ್ತು. ಆಕ್ಷನ್ ಆದ ಮೇಲೆ ಕಚೇರಿಯ ಕೆಲಸ ನಿಂತಿತ್ತು, ಮದುವೆಗಳೂ ಕಡಿಮೆ. ನಾವಿಬ್ಬರೂ ಹೋದಾಗ ಅವರು ಖಾಲಿ ಪ್ರೆಸ್ಸಿನಲ್ಲಿ ಬಟ್ಟೆ ಹಿಡಿದು ಕಲ್ಲು ಒರೆಸುತ್ತಿದ್ದರು. "ಕನ್ನಡ ನನಗ ಬರಂಗಿಲ್ಲಮ್ಮಾ. ನೀವ ಬರೀರಿ, ಕಲ್ಲಿಗೆ ನಾನು ಇಳಿಸ್ತೀನಿ," ಎಂದರು.

ಕೇಳಲು ಸುಲಭ. ಹಳದಿ ಅಂಟು ಬಳಿದ ಕಾಗದದ ಮೇಲೆ ಒಂದು ಬಗೆಯ ಜಿಡ್ಡು ಶಾಯಿಯಲ್ಲಿ ಬರೆಯಬೇಕು. ಆ ಕಾಗದವನ್ನು ಒದ್ದೆ ಮಾಡಿ ಕಲ್ಲಿನ ಮೇಲೆ ಬೋರಲು ಹಾಕಿ ಒತ್ತಿದರೆ, ಬರಹದ ಜಿಡ್ಡು ಕಲ್ಲಿಗೆ ಇಳಿಯುತ್ತದೆ. ಕಲ್ಲಿಗೆ ನೀರು ಸವರಿ ಮಸಿಯ ರೋಲರು ಉರುಳಿಸಿದರೆ, ನೀರಿದ್ದಲ್ಲಿ ಮಸಿ ಹತ್ತುವುದಿಲ್ಲ, ಜಿಡ್ಡಿದ್ದಲ್ಲಿ ಹತ್ತುತ್ತದೆ. ಜಿಡ್ಡು ಯಾವುದರದು ಎಂದು ನಾನು ಕೇಳಬಾರದಿತ್ತು.

"ಮೇಣ, ಸಾಬೂನು... ಮತ್ತ ಚರಬಿ," ಎಂದು ಅವರು ತಲೆ ತಗ್ಗಿಸಿದರು. ಅರ್ಚಕರ ಮಗಳೆಂದು ಅವರಿಗೂ ಗೊತ್ತಿತ್ತು.

ಪ್ರಾಣಿಯ ಕೊಬ್ಬು. ನಾನು ಲೇಖನಿ ಕೆಳಗಿಟ್ಟೆ. ಬಾಗಿಲ ಹತ್ತಿರದ ಆ ಹುಡುಗಿಯ ನೆನಪಾಯಿತು. ಮತ್ತೆ ಎತ್ತಿಕೊಂಡೆ. ಆ ದಿನಗಳಲ್ಲಿ ಮನೆಗೆ ಹೋದ ಕೂಡಲೇ ಸ್ನಾನ ಮಾಡಿಬಿಡುತ್ತಿದ್ದೆ. ಮಕ್ತಲ್‌ಗೆ ಈ ಸಂಗತಿ ತಿಳಿಸಲಿಲ್ಲ, ತಿಳಿಸಬೇಕೆಂದು ಈಗಲೂ ಅನ್ನಿಸುವುದಿಲ್ಲ.

ಮೊದಲ ಪ್ರೂಫು ನೋಡಿ ಅಳು ಬಂತು. ಪುಟದ ತುಂಬ ಕಪ್ಪು ಬೆರಳಿನ ಗುರುತುಗಳು. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿಕೊಂಡ ಕೈಯಲ್ಲೇ ಹಳದಿ ಕಾಗದ ಹಿಡಿದಿದ್ದೆ. ಆ ಜಿಡ್ಡೂ ಕಲ್ಲಿಗೆ ಇಳಿದಿತ್ತು. ಮತ್ತೆ ಬರೆದೆ. ಅಂದಿನಿಂದ ಎಣ್ಣೆ ಬಿಟ್ಟು ಕೆದರಿದ ತಲೆಯಲ್ಲೇ ಶಾಲೆಗೆ ಹೋದೆ, ಯಾರ ಮನೆಯಲ್ಲಿ ಸೂತಕ ಎಂದು ಮಕ್ಕಳು ಕೇಳಿದರು. ಉಳಿದ ಕಲೆಗಳನ್ನು ಕಾತಿಬ್ ಸಾಹೇಬರು ಕಲ್ಲಿನ ಮೇಲೆಯೇ ಸಣ್ಣ ಚಾಕುವಿನಿಂದ ಹೆರೆದು ತೆಗೆದರು. ಮಗ್ಗದ ಪುಟದ ಒಂದು ಹೆಬ್ಬೆರಳಿನ ಗುರುತನ್ನು ಮಾತ್ರ ಮುಟ್ಟಲಿಲ್ಲ. "ಹೆರದ್ರ ಬಾಜೂಕಿನ ಎಳಿ ಹೋಗ್ತಾವ. ಇರ್ಲಿ ಬಿಡ್ರಿ, ನೇಯೋರಿಗೆ ಇನ್ನೊಂದು ಕೈ ಬೇಕಲ್ಲ," ಎಂದರು.

ಪುಟಗಳನ್ನೆಲ್ಲ ಅನುಕ್ರಮವಾಗಿ ಜೋಡಿಸಿ ಅವರ ಕೈಗೆ ಕೊಟ್ಟು ಬಂದೆ. ದಸರಾ ಮುಗಿಯಿತು. ನಾಜಿರ್ ಸಾಹೇಬರು ನಾಳೆ ಬರುತ್ತಾರೆಂದು ಸುದ್ದಿ ಬಂದ ದಿನವೇ ಪುಸ್ತಕಗಳೂ ಬಂದವು. ತೆಳ್ಳಗೆ ಹೊಲಿದು, ಎರಡೂ ಕಡೆ ಒಂದೇ ಬಗೆಯ ನೀಲಿ ಕಾಗದದ ರಟ್ಟು. ದೊಡ್ಡಕ್ಕೋರು ಆಸೆಯಿಂದ ಒಂದನ್ನು ತೆರೆದರು. ಮೊದಲ ಪುಟದಲ್ಲೇ ಸೀರೆ ಉಟ್ಟ ಅವ್ವ ನಿಂತಿದ್ದಳು. ಕಡೆಯ ಪುಟದಲ್ಲಿ ಹತ್ತಿ.

ಕಾತಿಬ್ ಸಾಹೇಬರು ಜೀವಮಾನವೆಲ್ಲ ಉರ್ದು ಪುಸ್ತಕ ಮಡಿಸಿದವರು. ಉರ್ದು ಬಲದಿಂದ ಎಡಕ್ಕೆ ಓದುವ ಬರಹ, ಅದರ ಪುಸ್ತಕದ ಬೆನ್ನು ನಮ್ಮ ಬಲಕ್ಕೆ. ನಮ್ಮ ಪುಟಗಳನ್ನೂ ಅವರ ಕೈ ಅದೇ ರೂಢಿಯಲ್ಲಿ ಕಲ್ಲಿಗಿಳಿಸಿ, ಮಡಿಸಿ, ಹೊಲಿದಿತ್ತು. ನನಗೂ ಹೇಳಬೇಕೆಂದು ಹೊಳೆದಿರಲಿಲ್ಲ. ಪುಸ್ತಕ ಯಾವ ಕಡೆಯಿಂದ ತೆರೆಯುತ್ತದೆ ಎಂದು ಯಾರಾದರೂ ಹೇಳಿಕೊಡುತ್ತಾರೆಯೇ? ಪ್ರೆಸ್ಸಿಗೆ ಓಡಿದೆವು. ಅವರು ಪುಸ್ತಕ ಕೈಗೆ ತೆಗೆದುಕೊಂಡು ತಮ್ಮ ಕಡೆಯಿಂದ ತೆರೆದು, "ಸೀದಾ ಐತಲ್ಲಮ್ಮಾ. ಇಲ್ಲಿ ಹತ್ತಿ, ಅಲ್ಲಿ ಸೀರಿ," ಎಂದರು. ನಾನು ನನ್ನ ಕಡೆಯಿಂದ ತೆರೆದು ತೋರಿಸಿದೆ. ಅವರ ಮುಖ ಬಿಳಿಚಿತು.

ಒಂದು ದಾರಿಯಿತ್ತು. ಹಾಳೆಗಳನ್ನು ನಡುವೆ ಕತ್ತರಿಸಿ, ಬಿಡಿ ಮಾಡಿ, ಇನ್ನೊಂದು ಅಂಚಿನಲ್ಲಿ ಹೊಲಿಯುವುದು. ಸಂಜೆಯೊಳಗೆ ಮಾಡಿಕೊಡುತ್ತೇನೆ ಎಂದು ಕತ್ತರಿ ತೆಗೆದೇಬಿಟ್ಟರು. ದೊಡ್ಡಕ್ಕೋರೂ ಹೂಂ ಎಂದರು. ಕಾತಿಬ್ ಸಾಹೇಬರು ನಡುವಿನ ಹಾಳೆಗೆ ಕತ್ತರಿ ಇಡುವಾಗ ನಾನು ಅವರ ಕೈ ತಡೆದೆ. ಅಲ್ಲಿ ಮಗ್ಗವಿತ್ತು. ಕತ್ತರಿಸಿ ಮತ್ತೆ ಹೊಲಿದರೆ ಮಗ್ಗದ ಎಡಭಾಗ ಬಲಕ್ಕೆ, ಬಲಭಾಗ ಎಡಕ್ಕೆ ಬಂದು, ನೇಕಾರ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಬೇರೆ ಮಕ್ಕಳಾಗಿದ್ದರೆ ನಡೆಯುತ್ತಿತ್ತೇನೋ. ಇವರು ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯ ಪಕ್ಕದಲ್ಲೇ ತೊಟ್ಟಿಲಲ್ಲಿ ಮಲಗಿದವರು. ಸುಳ್ಳು ಮಗ್ಗ ಕಂಡರೆ ಆ ಪುಸ್ತಕವೂ ಅವರಿಗೆ ಹಡಗೇ.

ಹಿಡಿದ ಪ್ರತಿಯನ್ನೇ ಮತ್ತೊಮ್ಮೆ, ಮಕ್ಕಳು ತೆರೆಯುವ ಹಾಗೆ ತೆರೆದು ಓದಿದೆ. ಅವ್ವನ ಮೈಮೇಲಿನ ಸೀರೆ. ಅದಕ್ಕೆ ಮೊದಲು ಮಡಿಸಿದ ಸೀರೆ. ಅದಕ್ಕೆ ಮೊದಲು ಅಂಚು, ಲಾಳಿ, ಮಗ್ಗ. ದಿನಾ ಕಾಣುವುದರಿಂದ ಹೊರಟು ಎಂದೂ ಕಾಣದ ಹೊಲದವರೆಗೆ ಪುಸ್ತಕ ತಾನಾಗಿಯೇ ಹೋಗುತ್ತಿತ್ತು. ಇಷ್ಟು ದಿನ ನಾನೇ ಅದನ್ನು ತಿರುಗುಮುರುಗು ಬರೆದಿದ್ದೆನೇನೋ ಎನ್ನಿಸಿತು. ಅಡಿಯಲ್ಲಿನ "ಆಮೇಲೆ ಏನು?" ಎಂಬುದಷ್ಟೇ ಹೊಂದುತ್ತಿರಲಿಲ್ಲ.

"ಕತ್ತರಿಸೂದು ಬ್ಯಾಡ್ರಿ," ಎಂದೆ.

"ಹುಚ್ಚು ಹಿಡೀತೇನು ನಿನಗ? ನಾಳಿ ಆ ಮನುಷ್ಯಾ ಬರ್ತಾನ!" ಎಂದು ದೊಡ್ಡಕ್ಕೋರು ರೇಗಿದರು. ರೇಗುತ್ತಲೇ ಇನ್ನೊಂದು ಲೇಖನಿ ಕೇಳಿ ತೆಗೆದುಕೊಂಡರು. ಇಬ್ಬರೂ ಕೂತು ಎಲ್ಲ ಪುಸ್ತಕಗಳ ಪ್ರತಿ ಪುಟದಲ್ಲೂ ಆ ಪ್ರಶ್ನೆಯನ್ನು ಹೊಡೆದು, "ಇದಕ್ಕೆ ಮೊದಲು ಏನು?" ಎಂದು ಬರೆದೆವು. ಅವರಿಗೆ ಕನ್ನಡ ಅಕ್ಷರ ಸರಾಗವಾಗಿ ಬರುತ್ತಿರಲಿಲ್ಲ, ತಲೆಕಟ್ಟೆಲ್ಲ ತೆಲುಗಿನದೇ. ಮಕ್ಕಳು ಸಂಬಾಳಿಸಿಕೊಂಡಾರು ಎಂದು ಬಿಟ್ಟೆ.

ಮರುದಿನ ನಾಜಿರ್ ಸಾಹೇಬರು ಹೊತ್ತಿಗಿಂತ ಮುಂಚೆಯೇ ಬಂದರು. ಪುಸ್ತಕದ ಸಂಗತಿ ಹೇಳೋಣವೆಂದು ನಾನು ಬಾಯಿ ತೆರೆದೆ. "ಅಕ್ಕೋರು ಖಿಡಕಿ ಕಡಿ ಮುಖ ಮಾಡಿ ನಿಂದರಬೇಕು. ಒಂದು ಮಾತೂ ಆಡಂಗಿಲ್ಲ," ಎಂದುಬಿಟ್ಟರು. ಕಿಟಕಿಯಾಚೆ ಓಣಿಯಲ್ಲಿ ಯಾರದೋ ಹಾಸು ಒಣಗುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಬೆನ್ನ ಹಿಂದೆ ಪುಸ್ತಕ ಹಂಚುವ ಸದ್ದು, ನೀಲಿ ರಟ್ಟಿನ ಸರಪರ. ಅವರೂ ಒಂದು ಪ್ರತಿ ಇಟ್ಟುಕೊಂಡರು. ಆಮೇಲೆ ಬಾಗಿಲ ಹತ್ತಿರದವಳನ್ನೇ ಎಬ್ಬಿಸಿದರು.

"ಇದು ನಮ್ಮ ಅವ್ವ. ಅವ್ವ ಸೀರೆ ಉಟ್ಟಿದ್ದಾಳೆ," ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಎಲ್ಲೈತಿ ಅವ್ವ?" ಎಂದರು ನಾಜಿರ್ ಸಾಹೇಬರು. "ಇಲ್ಲಿ ಗಿಡ ಐತಿ. ಹತ್ತಿ. ಹತ್ತಿ ಅಂತ ಓದವಾ."

ಆಗ ನನಗೆ ತಿಳಿಯಿತು. ಅವರು ತಮ್ಮ ಉರ್ದುವಿನ ರೂಢಿಯಂತೆ ಆ ಕಡೆಯಿಂದ ತೆರೆದಿದ್ದರು. ತಿರುಗಿ ಹೇಳುವಂತಿಲ್ಲ. ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ದೊಡ್ಡಕ್ಕೋರು ಕೆಮ್ಮಿದರು, ಅವರಿಗೂ ಸುಮ್ಮನಿರಿ ಎಂದಾಯಿತು.

"ಹತ್ತಿ ಅಂತ ಇಲ್ರೀ ಸಾಹೇಬ್ರ," ಎಂದಳು ಹುಡುಗಿ. ದೊಡ್ಡವರು, ಅದೂ ಪೇಟ ಸುತ್ತಿದವರು ಹೇಳಿದರೆ ಅದೇ ಸರಿ ಎಂದು ನಮ್ಮ ಮಕ್ಕಳು ಒಪ್ಪಿಬಿಡುವ ಕಾಲ ಅದು. "ಅವ್ವ ಅಂತ ಬರದೈತ್ರಿ. ಇಲ್ಲಿ ಐತ್ರಿ."

"ಹೂಂ, ಮುಂದ ಓದು."

ಅವಳು ಮಡಿಸಿದ ಸೀರೆ ಓದಿದಳು. ಅವರ ಮುಂದೆ ನೂಲಿನ ಬಂಡಿ ಇದ್ದೀತು. ಅವಳು ಅಂಚು ಎಂದಳು, ಅವರು ಹಂಡೆ ನೋಡುತ್ತಿರಬೇಕು. ಅವರ ಉಸಿರು ಬಿರುಸಾಗುವುದು ನನಗೆ ಕೇಳುತ್ತಿತ್ತು. ಲಾಳಿ ಎಂಬಲ್ಲಿ ತಡವರಿಸಿದಳು, ಹಿಂದಕ್ಕೆ ಹೋಗಿ ಕೂಡಿಸಿ ಓದಿದಳು. ಎರಡು ಕಡೆಯಿಂದಲೂ ಪುಟ ಮಗುಚಿತು.

"ಇದು ನಮ್ಮ ಮಗ್ಗ," ಎಂದಳು. "ಅಪ್ಪ ಕುಣಿಯಲ್ಲಿ ಕೂತು ನೇಯುತ್ತಾನೆ. ಇದಕ್ಕೆ ಮೊದಲು ಏನು?"

ಆಮೇಲೆ ಕುರ್ಚಿ ಸರಿದ ಸದ್ದು. ದೊಡ್ಡಕ್ಕೋರು ಆಮೇಲೆ ಹೇಳಿದ ಹಾಗೆ, ನಾಜಿರ್ ಸಾಹೇಬರು ಎದ್ದು ಜಮಖಾನದ ಹತ್ತಿರ ಬಂದರು, ಅವಳ ಪಕ್ಕದಲ್ಲೇ ಮೊಣಕಾಲೂರಿ ಕೂತರು. ತಮ್ಮ ಪುಸ್ತಕವನ್ನು ಅವಳ ಪುಸ್ತಕದ ಪಕ್ಕ ಇಟ್ಟರು. ಎರಡರಲ್ಲೂ ಮಗ್ಗ.

"ನೀ ಆ ಕಡಿಂದ ಬಂದ್ಯೇನು?" ಎಂದು ಕೇಳಿದರು.

"ಹೌದ್ರಿ. ನೀವು?"

ಅವರು ನಕ್ಕ ನಗೆಗೆ ಪಕ್ಕದ ತೆಲುಗು ತರಗತಿಯೂ ಮಗ್ಗಿ ಹೇಳುವುದನ್ನು ನಿಲ್ಲಿಸಿತು. "ಅಕ್ಕೋರ, ಈ ಕಡಿ ತಿರುಗ್ರಿ," ಎಂದರು. ತಿರುಗಿದಾಗ ನನ್ನ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. "ಗಿಳಿ ಆಗಿದ್ರ ನಾ ಅಂದದ್ದನ್ನ ಅಂತಿತ್ತು. ಈಕಿ ನನ್ನ ಮಾತು ಕೇಳ್ಲಿಲ್ಲ, ಪುಸ್ತಕದ ಮಾತು ಕೇಳಿದ್ಲು." ಉಳಿದ ಮಕ್ಕಳನ್ನೂ ಬೇಕಾದ ಪುಟ ತೆರೆದು ಓದಿಸಿದರು. ಇಬ್ಬರು ಮೂವರು ಎಡವಿದರು, ಮಿಕ್ಕವರು ದಾಟಿದರು. ಹೋಗುವಾಗ ತಮ್ಮ ಪ್ರತಿಯನ್ನು ಶೇರವಾನಿಯ ಜೇಬಿನಲ್ಲಿ ಇಟ್ಟುಕೊಂಡು ಹೋದರು.

ಸಂಜೆ ಪ್ರೆಸ್ಸಿಗೆ ಹೋದೆವು. ಕಾತಿಬ್ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಕಲ್ಲುಗಳು ಅಚ್ಚಾದ ಮೇಲೂ ಹಾಗೆಯೇ ಇದ್ದವು, ಮಗ್ಗ, ಹೊಲ, ಬಂಡಿ ಎಲ್ಲ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ. ಬೇರೆ ಕೆಲಸಕ್ಕೆ ಕಲ್ಲು ಬೇಕೆಂದರೆ ಹಳೆಯದನ್ನು ಉಜ್ಜಿ ತೆಗೆಯಬೇಕು. ನಾಜಿರ್ ಸಾಹೇಬರು ಒಪ್ಪದಿದ್ದರೆ ನಮ್ಮ ಕಡೆಯಿಂದ ತೆರೆಯುವ ಹಾಗೆ ಮತ್ತೆ ಅಚ್ಚು ಹಾಕೋಣವೆಂದು ಅವರು ಒಂದನ್ನೂ ಉಜ್ಜಿರಲಿಲ್ಲ.

"ಸಾಹೇಬ್ರು ಯಾವ ಕಡಿಂದ ತಗದ್ರು?" ಎಂದು ಕೇಳಿದರು.

"ನಿಮ್ಮ ಕಡಿಂದ."

"ಮಕ್ಳು?"

"ನಮ್ಮ ಕಡಿಂದ. ಮಗ್ಗದಾಗ ಭೆಟ್ಟಿ ಆದ್ರು."

"ಮತ್ತ ಕ್ಲಾಸು?"

"ಐತ್ರಿ," ಎಂದೆ. "ಕ್ಲಾಸು ಐತಿ."

ಅವರು ಮೇಲಕ್ಕೆ ಕೈಯೆತ್ತಿ ಮುಖ ಸವರಿಕೊಂಡರು. ಆಮೇಲೆ ಮಗ್ಗದ ಕಲ್ಲಿನ ಮೇಲೆ ಮರಳು ಚೆಲ್ಲಿ, ನೀರು ಹನಿಸಿ, ಇನ್ನೊಂದು ಕಲ್ಲನ್ನು ಅದರ ಮೇಲೆ ಬೋರಲಿಟ್ಟು, "ಮುಂದಿನ ಪುಸ್ತಕ ಯಾವುದಮ್ಮಾ?" ಎಂದರು. ಜೋಳದ ರೊಟ್ಟಿ ಎಂದು ನಾನು ಯೋಚಿಸಿಯೇ ಇಟ್ಟಿದ್ದೆ. ಈ ಸಲ ರೊಟ್ಟಿಯಿಂದಲೇ ಶುರು ಎಂದೆ. ದೊಡ್ಡಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಇನ್ನೊಂದು ತುದಿ ಹಿಡಿದರು. ಕಲ್ಲಿನ ಮೇಲೆ ಕಲ್ಲು ತಿರುಗಿತು. ನೇಕಾರ ಹೋದ, ಎಳೆಗಳು ಹೋದವು. ನನ್ನ ಹೆಬ್ಬೆರಳಿನ ಎಣ್ಣೆ ಮಾತ್ರ ಆಳಕ್ಕೆ ಇಳಿದಿತ್ತು, ಎಷ್ಟು ಉಜ್ಜಿದರೂ ಹೋಗಲೊಲ್ಲದು. ರೊಟ್ಟಿಯ ಪುಸ್ತಕದಲ್ಲೂ ಅದು ಮಸುಕಾಗಿ ಮೂಡಿ ಬಂತು.